ನಿಲ್ಲಿಸಿ ಕೇಳುವ ಪಾಠ

ಅಸೂಟಿಯ ದುರ್ಗೇಶ ಬಿ.ಎಸ್ಸಿ. ಗಣಿತದಲ್ಲಿ ನಪಾಸಾದ. ಅದು ೨೦೦೮. ಅವನ ಕಾಲೇಜಿನಲ್ಲಿ ಗಣಿತಕ್ಕೆ ಮಾಸ್ತರರೇ ಇರಲಿಲ್ಲ. ಬದಲಿಗೆ ಕಂಪ್ಯೂಟರ್ ಕೋಣೆಯಲ್ಲಿ ಇಂಟರ್ನೆಟ್ ಪಾಠ ಹಚ್ಚುತ್ತಿದ್ದರು. ಹುಡುಗರು ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿ ಕೂತು ನೋಡಿ, ಎದ್ದು ಬರುತ್ತಿದ್ದರು.

ಗೋವಾಕ್ಕೆ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೊರಟಿದ್ದ ಅಪ್ಪ ಗ್ಯಾನಪ್ಪ, ಮಗನ ಹೆಸರು ತೆಗೆಸಲು ಕಾಲೇಜಿಗೇ ಬಂದ.

“ಆ ಡಬ್ಬಿ ಮುಂದ ಕುಂತು ಉದ್ಧಾರ ಆದವ್ರು ಯಾರದಾರ? ನಾಳಿ ಮುಂಜಾನಿ ಟೆಂಪೋ ಬರತೈತಿ. ಬುಟ್ಟಿ ಹೊರು, ನಡಿ.”

ಅಪ್ಪ ಹೇಳಿದ್ದು ಸುಳ್ಳಲ್ಲ ಎಂದು ದುರ್ಗೇಶನಿಗೂ ಅನಿಸಿತ್ತು. ತರಗತಿಯ ಸೈರಾಬಾನು ಅಡ್ಡ ಬಂದಳು.

“ಕಾಕಾ, ಒಂದ್ ಗಳಿಗಿ ಬರ್ರಿ. ನಾ ಹ್ಯಾಂಗ ಪಾಸಾದೆ ತೋರಸ್ತೀನಿ.”

ಪಾಠ ಹಚ್ಚಿದಳು. ಪರದೆಯ ಮೇಲಿನ ಮಾಸ್ತರರ ಇಂಗ್ಲಿಷು ಓಡತೊಡಗಿತು. ಆಕೆ ಒಂದು ಗುಂಡಿ ಒತ್ತಿದಳು. ಮಾಸ್ತರರು ಬಾಯಿ ತೆರೆದಂತೆಯೇ ನಿಂತರು.

ದುರ್ಗೇಶ ಗಾಬರಿಯಾದ. “ಏ ಸೈರಾ, ಸರ್ ಮಾತಾಡಾಕತ್ಯಾರ! ನಡುವ ನಿಲ್ಲಸ್ತಾರೇನ?”

“ಸರ್ ಇಲ್ಲೆಲ್ಲಿ ಅದಾರೋ ಹುಚ್ಚ! ಹಿಂಗ ಮರ್ಯಾದಿ ಕೊಟ್ಟ ನಪಾಸಾದಿ ನೀ. ತಿಳೀಲಿಲ್ಲಂದ್ರ ನಿಲ್ಲಸು. ಹಿಂದಕ್ಕ ಒಯ್ದು ಮತ್ತ ಕೇಳು. ಲೆಕ್ಕ ನೀನ ಬಿಡಿಸು, ಆಮ್ಯಾಲೆ ಮುಂದಕ್ಕ ಹೋಗು.”

ದುರ್ಗೇಶ ಪಾಠ ಕೇಳಿದ. ತಿಳಿಯಲಿಲ್ಲ. ಮತ್ತೆ ಹಿಂದಕ್ಕೆ ಒಯ್ದ. ಅಳುಕುತ್ತ ಬಿಡಿಸಿದ ಲೆಕ್ಕ ಸರಿಹೋಯಿತು.

ಗ್ಯಾನಪ್ಪನಿಗೆ ಅಕ್ಷರ ಬಾರದು. ಆದರೂ ಎಲ್ಲ ನೋಡುತ್ತಿದ್ದ. “ನಮ್ಮ ಮೇಸ್ತ್ರಿ ಎರಡನೇ ಸಲ ಕೇಳಿದ್ರ ಅವ್ವನ ಹೆಸರ ಎತ್ತಿ ಬೈತಾನ,” ಅಂದ. “ಈ ಡಬ್ಬ್ಯಾಗಿನ ಮಾಸ್ತರ ಚಲೋ ಅದಾನ. ಆದ್ರ ಇಬ್ಬರು ಬರ್ತೀವಂತ ಮೇಸ್ತ್ರಿಗೆ ಮಾತು ಕೊಟ್ಟೇನಲ್ಲೋ.”

ಮರುದಿನ ಟೆಂಪೋ ಹತ್ತಿದವರು ಇಬ್ಬರೇ. ಮಗನ ಬದಲು ಬುಟ್ಟಿ ಹೊರಲು ಅವ್ವ ಸಣ್ಣವ್ವ ಹೋದಳು. “ನಾವು ಹೊಳ್ಳಿ ಬರೂದ್ರಾಗ ಪಾಸಾಗಿರು,” ಅಂದಳು, ಅಷ್ಟೇ. ದುರ್ಗೇಶ ಮೊದಲ ಬಸ್ಸಿಗೆ ಹೋಗಿ, ಜವಾನ ಬರುವ ಮುಂಚೆಯೇ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತ.

ಕಾಲೇಜು ಕಲಿಯುವ ತಮ್ಮಂದಿರೇ, ತಂಗಿಯರೇ, ಮಾಸ್ತರರನ್ನು ಕೊಡಿ ಎಂದು ಕೇಳುವುದನ್ನು ಬಿಡಬೇಡಿ. ಆದರೆ ಅವರು ಬರುವತನಕ ಪರೀಕ್ಷೆ ಕಾಯುವುದಿಲ್ಲ. ಇಂಟರ್ನೆಟ್ ಪಾಠವನ್ನು ಸಿನಿಮಾ ನೋಡಿದ ಹಾಗೆ ನೋಡಬೇಡಿ. ನಿಲ್ಲಿಸಿ, ಮತ್ತೆ ಕೇಳಿ, ಬರೆದು ನೋಡಿ. ಇಬ್ಬರು ಮೂವರು ಕೂಡಿ ಕೂತು ಕಲಿಯಿರಿ. ನಿಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಗೆ ಬೀಗ ಬಿದ್ದಿದ್ದರೆ, ಇವತ್ತೇ ಹೋಗಿ ತೆಗೆಸಿ.