ಕೇಳಿಸುವ ಹಾಗೆ

ಪ್ರಮೀಳಾ, ತನ್ನ ಅಮ್ಮನ ಬೈಬಲ್ಲನ್ನು ಎದೆಗವುಚಿಕೊಂಡು ಹಿತ್ತಿಲ ಬಾಗಿಲಿನಿಂದ ಹೊರಬೀಳುವಷ್ಟರಲ್ಲಿ ತಮ್ಮ ಜಯಪ್ರಕಾಶ್ ಅಡ್ಡ ನಿಂತ. ನಡುಮನೆಯಲ್ಲಿ ತಾಯಿ ಕರುಣಮ್ಮನವರ ಶವಪೆಟ್ಟಿಗೆಗೆ ಮುಚ್ಚಳ ಹಾಕುತ್ತಿದ್ದರು.

“ಅದನ್ನ ಇಲ್ಲಿ ಕೊಡಕ್ಕ. ಗುಂಡಿ ಹತ್ರ ನಾನ್ ಓದ್ತೀನಿ.”

“ಅಮ್ಮ ನಂಗೆ ಹೇಳಿದ್ದು ಕಣೋ.”

“ಹೇಳಿರ್ಬೋದು. ಅದ್ರಲ್ಲಿರೋದು ನಿಜ ಅಂತ ನೀನ್ ನಂಬ್ತೀಯಾ?”

ಪ್ರಮೀಳಾಗೆ ಸಿಟ್ಟು ಬಂತು. ಪುಸ್ತಕವನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡಳು.

ಮಣ್ಣು ಮಾಡುವಾಗ ಸತ್ತವರ ಹಿರಿಯ ಮಗನೋ ಮಗಳೋ ಬೈಬಲ್ಲಿನ ವಾಕ್ಯ ಓದಬೇಕೆಂಬುದು ಗುಬ್ಬಿಯ ಆ ಸಣ್ಣ ಚರ್ಚಿನ ರೂಢಿ. ರೂಢಿ ಉಳಿದಿತ್ತು, ಜನ ಉಳಿದಿರಲಿಲ್ಲ. ಒಂದು ಕಾಲಕ್ಕೆ ಕ್ರಿಸ್‌ಮಸ್ಸಿಗೆ ಜಗಲಿಯಲ್ಲೂ ಜಾಗ ಸಿಗುತ್ತಿರಲಿಲ್ಲ. ಈಗ ಮುಂದಿನ ಬೆಂಚುಗಳೇ ತುಂಬುವುದಿಲ್ಲ. ಕೆಲವರು ತುಮಕೂರು ಪಕ್ಕದ ಸತ್ಯಮಂಗಲದ ಶೆಡ್ಡೊಂದರಲ್ಲಿ ಕೀಬೋರ್ಡು, ಡ್ರಮ್ಮುಗಳ ಜೊತೆ ನಡೆಯುವ ಪ್ರೇಯರ್ ಹಾಲಿಗೆ ಹೋದರು. ಕೆಲವರು ಎಲ್ಲಿಗೂ ಹೋಗದೆ ಮನೆಯಲ್ಲುಳಿದರು. ಸಾವಿಗೆ ಮಾತ್ರ ಎಲ್ಲರೂ ತಪ್ಪದೆ ಬರುತ್ತಾರೆ.

ಜಯಪ್ರಕಾಶ್ ಮೊದಲ ಗುಂಪಿನವನು. ಮಾರ್ಕೋನಹಳ್ಳಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಪ್ರೇಯರ್ ಹಾಲಿನವರಿಂದ ಎರಡನೆಯ ಸಲ ದೀಕ್ಷಾಸ್ನಾನ ಮಾಡಿಸಿಕೊಂಡು ಬಂದು ತಾಯಿಯನ್ನೂ ಅದಕ್ಕೆ ಕರೆದಿದ್ದ. ಹಸುಗೂಸಾಗಿದ್ದಾಗ ಹಾಕಿದ ನೀರೇ ಇನ್ನೂ ಆರಿಲ್ಲವೆಂದು ಆಕೆ ನಕ್ಕಿದ್ದರು. ಪ್ರಮೀಳಾ ಎರಡನೆಯ ಗುಂಪು. ಗಂಡ ಆಸ್ಪತ್ರೆಯಲ್ಲಿದ್ದಾಗ ಸಭೆಯೆಲ್ಲ ಪ್ರಾರ್ಥಿಸಿತ್ತು; ಆತ ಹೋದ ಮೇಲೆ ಯಾರೋ, ನಿನ್ನ ನಂಬಿಕೆ ಸಾಲಲಿಲ್ಲಮ್ಮ ಎಂದರು. ಆಮೇಲೆ ಅವಳು ಚರ್ಚಿನ ಮೆಟ್ಟಿಲು ಹತ್ತಲಿಲ್ಲ.

*

ಸಕ್ಕರೆ ಕಾಯಿಲೆ ಕರುಣಮ್ಮನವರ ಕಣ್ಣು ತಿಂದಿತ್ತು. ಕಿವಿಯೂ ಬಲಗಡೆಯದು ಮಾತ್ರ ಕೇಳುತ್ತಿತ್ತು, ಅದೂ ಕಿರುಚಿದರೆ. ಶಾಲೆಯಲ್ಲಿ ಆಯಾ ಆಗಿ ಊರಮಕ್ಕಳ ಮೂಗೊರೆಸಿದ ಆಕೆಗೆ ಸುಮ್ಮನೆ ಕೂತು ಅಭ್ಯಾಸವಿರಲಿಲ್ಲ. ಭಾನುವಾರ ತುಮಕೂರಿನಿಂದ ಬರುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೈಬಲ್ ಓದಿಸುತ್ತಿದ್ದರು. ಅಮ್ಮನಿಗೆ ಕೇಳಲೆಂದು ಅವಳು ತೆಗೆಯುವ ಗಂಟಲಿಗೆ ಇಡೀ ಬೀದಿ ಕಿವಿ ಕೊಡಬೇಕಾಗುತ್ತಿತ್ತು. ಪಕ್ಕದ ಮನೆಯ ಹನುಮಂತಮ್ಮ ಮುಂದಿನ ವಾರ ಕಾಂಪೌಂಡಿನಾಚೆಯಿಂದ, ಹೋದ ವಾರ ಓದಿದ ಕಥೆಯ ಆ ಯೋಸೇಫ ಜೈಲಿನಿಂದ ಬಿಡುಗಡೆಯಾದನೇ ಎಂದು ವಿಚಾರಿಸುತ್ತಿದ್ದಳು.

ಒಂದು ದಿನ ಪ್ರಮೀಳಾ ಪುಸ್ತಕ ಮುಚ್ಚಿದಳು. ನಂಬದೆ ಓದುವುದು ನಾಟಕವಾಗುತ್ತದೆ, ಇನ್ನು ತನ್ನಿಂದಾಗದು ಎಂದಳು.

“ನಂಬು ಅಂದ್ನೇನೇ ನಾನು? ಕೇಳ್ಸೋ ಹಂಗೆ ಓದು ಅಂದೆ. ನಂಬೋದು ನನ್ ಕೆಲ್ಸ,” ಎಂದರು ಕರುಣಮ್ಮ. “ನನ್ ಮಣ್ಣಿಗೂ ನೀನೇ ಓದ್ಬೇಕು.”

*

ಗುಬ್ಬಿಯ ಜೊತೆಗೆ ಕುಣಿಗಲ್ ಚರ್ಚನ್ನೂ ನೋಡಿಕೊಳ್ಳುವ ಸಭಾಪಾಲಕರು ಅಲ್ಲೊಂದು ಮದುವೆ ಮಾಡಿಸಿ ಬರುವಷ್ಟರಲ್ಲಿ ಬಿಸಿಲೇರಿತ್ತು. ಸ್ಮಶಾನದಲ್ಲಿ ಚರ್ಚಿನವರೂ ಪ್ರೇಯರ್ ಹಾಲಿನವರೂ ಬೇರೆ ಬೇರೆ ಮರದ ನೆರಳು ಹಿಡಿದಿದ್ದರು. ಅಕ್ಕ ಓದುವುದಾದರೆ ತಾನು ಆಮೆನ್ ಹೇಳುವುದಿಲ್ಲವೆಂದು ಜಯಪ್ರಕಾಶ್ ದಾರಿಯಲ್ಲೇ ಸಾರಿದ್ದ. ಪ್ರೇಯರ್ ಹಾಲಿನ ಪಾಸ್ಟರು ಕಣ್ಸನ್ನೆ ಮಾಡಿದ್ದೇ ಗುಂಡಿಯಿಂದ ದೂರ ಸರಿದು ಅವರ ಪಕ್ಕ ನಿಂತ.

ಪೆಟ್ಟಿಗೆ ಇಳಿಯಿತು. ಸಭಾಪಾಲಕರು ಪ್ರಮೀಳಾ ಕಡೆ ನೋಡಿದರು. ಅವಳು ಹಾಳೆ ತಿರುವಿದಳು. ಕೀರ್ತನೆ ಸಿಗಲಿಲ್ಲ, ಸಿಕ್ಕಿತು, ಹಾಳೆ ಗಾಳಿಗೆ ಮಗುಚಿತು, ಮತ್ತೆ ಸಿಕ್ಕಿತು. ಮೊದಲ ಸಾಲಿಗೆ ಬೆರಳಿಟ್ಟು ಸುತ್ತಲಿನವರನ್ನು ನೋಡಿದಳು. ಆಗದಿದ್ದರೆ ಬೇರೆಯವರಿಗೆ ಕೊಡಲಿ ಎಂದು ಹಿಂದಿನಿಂದ ಯಾರೋ ಗೊಣಗಿದರು.

ಇಷ್ಟು ಜನಕ್ಕೆ ತಾನೇಕೆ ಓದಬೇಕು ಎನಿಸಿತು ಅವಳಿಗೆ. ಗುಂಡಿಯನ್ನು ಬಳಸಿಕೊಂಡು ಅಮ್ಮನ ಬಲಗಿವಿಯ ಕಡೆಗೆ ಹೋದಳು. ತಲೆಯ ಹತ್ತಿರ ಮೊಣಕಾಲೂರಿ ಬಗ್ಗಿ, ಭಾನುವಾರದ ಆ ಗಂಟಲಿನಲ್ಲೇ ಓದತೊಡಗಿದಳು. ನೆರಳಿನಲ್ಲಿದ್ದವರು ಬೆಚ್ಚಿಬಿದ್ದರು. ಅಳು ನುಗ್ಗಿದಷ್ಟೂ ದನಿ ಏರಿತು, ಮೈ ಮುಂದಕ್ಕೆ ವಾಲಿತು. ಆಗಷ್ಟೇ ಅಗೆದ ಅಂಚು ಮೊಣಕಾಲಡಿ ಕುಸಿದು ಮಣ್ಣು ಪೆಟ್ಟಿಗೆಯ ಮೇಲೆ ಉದುರಿತು.

ಜಯಪ್ರಕಾಶ್ ಓಡಿ ಬಂದ. ಪಾಸ್ಟರು ಹೆಸರು ಹಿಡಿದು ಕರೆದರೂ ತಿರುಗಲಿಲ್ಲ. ಹಿಂದಿನಿಂದ ಅಕ್ಕನ ಸೊಂಟವನ್ನು ಎರಡೂ ಕೈಯಲ್ಲಿ ಬಳಸಿ ಹಿಡಿದು, ಹಿಮ್ಮಡಿಗಳನ್ನು ಕೆಂಪು ಮಣ್ಣಿಗೆ ಒತ್ತಿ ಕೂತುಬಿಟ್ಟ. ಅವಳು ಗುಂಡಿಯೊಳಕ್ಕೆ ಇನ್ನೂ ಒಂದು ಗೇಣು ಬಗ್ಗಿ ಮುಂದಿನ ವಾಕ್ಯ ಓದಿದಳು.