ಸಕ್ಕುಬಾಯಿಯ ಎಂಟನೆಯ ಚಟ್ನಿ

ಪಡಸಾಲೆಯಲ್ಲಿ ತೀರಿಕೊಂಡ ಅತ್ತೆ ಸಕ್ಕುಬಾಯಿಯನ್ನು ಗೋಡೆಗೊರಗಿಸಿ ಕೂರಿಸಿ ವಿಭೂತಿ ಹಚ್ಚುತ್ತಿದ್ದರೆ, ಒಳಗೆ ಸೊಸೆ ರುಕ್ಮವ್ವ ಒಂದು ಭರಣಿಯನ್ನು ಜೋಳದ ಚೀಲದ ಹಿಂದಕ್ಕೆ ತಳ್ಳುತ್ತಿದ್ದಳು. ಅದರಲ್ಲಿದ್ದುದು ಒಣದ್ರಾಕ್ಷಿಯ ಚಟ್ನಿ. ನಾಲ್ಕು ದಿನದ ಹಿಂದೆ ಸಕ್ಕುಬಾಯಿ ತಾನೇ ಕುಟ್ಟಿ ತುಂಬಿದ್ದು, ಎಂಟನೆಯ ಸಲದ್ದು. ಇನ್ನೂ ಒಬ್ಬರೂ ಅದನ್ನು ನಾಲಿಗೆಗೆ ಇಟ್ಟಿರಲಿಲ್ಲ. ಈ ಗದ್ದಲದಲ್ಲಿ ಯಾರಾದರೂ ಉಪ್ಪಿನಕಾಯಿ ಎಂದು ಬಳಿದು ಹಾಕಿದರೆ ಗತಿಯೇನು?

ಅಂಗಳದಲ್ಲಿ ನಿಪ್ಪಾಣಿಯ ಅಂಗಡಿಕಾರ ಧನಪಾಲ ಕೈಕಟ್ಟಿ ನಿಂತಿದ್ದ. ಪಾಪ, ಅವನು ಮಣ್ಣು ಮಾಡಲೆಂದು ಬಂದವನಲ್ಲ. ಹೊಸ ಚಟ್ನಿಯನ್ನು ಅಂಗಡಿಯಲ್ಲಿ ಇಡಬೇಕೋ ಬೇಡವೋ ಎಂದು ಮಾತು ಮುಗಿಸಲು ಜೀಪು ಮಾಡಿಕೊಂಡು ಸತ್ತಿ ಊರಿಗೆ ಬಂದರೆ, ಬಾಗಿಲಲ್ಲಿ ಭಜನೆ ನಡೆದಿತ್ತು. ಬಂದವನು ತಿರುಗಿ ಹೋಗುವುದು ಹೇಗೆ? ತಲೆಗೆ ಟವೆಲ್ ಹಾಕಿಕೊಂಡು ಅವನೂ ಒಂದು ತಾಸು ತಾಳ ಹಾಕಿದ.

ರುಕ್ಮವ್ವ ನೀರಿಗೆಂದು ಹೊರಬಂದಾಗ ಮೆಲ್ಲಗೆ ಕೇಳಿದ. "ಇವತ್ತ ಕೇಳೂ ಮಾತಲ್ಲ ಅಕ್ಕಾ. ಆದ್ರ ದೀಪಾವಳಿ ಮಾಲಿಂದು ಇವತ್ತ ಹೇಳಬೇಕಾಗೇತಿ. ಎಂಟನೇದ್ದು ಹೆಂಗ ಆಗೇತಿ?"

"ಯಾರೂ ತಿಂದಿಲ್ಲಣ್ಣ. ನೀನ ಒಂದೀಟು ನೋಡಿ ಹೇಳು."

"ಬಳ್ಳೊಳ್ಳಿ ಹಾಕ್ಯಾರಲ್ಲ. ನಾವು ಜೈನರು, ನಾಲಿಗಿಗೆ ಹಚ್ಚಂಗಿಲ್ಲ."

ಈ ಸಲವೂ ಮಾಲು ವಾಪಸು ಬಂದರೆ ಮುಂದೆ ತನ್ನ ಅಂಗಡಿಯಲ್ಲಿ ಜಾಗವಿಲ್ಲ ಎಂದು ಅವನು ಹೋದ ತಿಂಗಳೇ ಹೇಳಿದ್ದ. ಹಾಗಾದರೆ ಅತ್ತೆಯ ಐದು ವರ್ಷದ ದುಡಿಮೆ ಊರವರ ಬಾಯಲ್ಲಿ ಹುಚ್ಚಾಟವೆಂದೇ ಉಳಿಯುತ್ತದೆ. ಹೂಂ ಎನ್ನಲು ರುಕ್ಮವ್ವನಿಗೆ ಧೈರ್ಯವಿಲ್ಲ, ಉಹೂಂ ಎನ್ನಲು ಮನಸ್ಸಿಲ್ಲ. ಮಣ್ಣು ಮುಗಿದ ಮೇಲೆ ಹೇಳುತ್ತೇನೆಂದು ಒಳಗೆ ಹೋದಳು.

*

ಈ ಚಟ್ನಿ ಶುರುವಾದದ್ದು ಎಂಬತ್ತೊಂಬತ್ತನೆಯ ಇಸವಿಯಲ್ಲಿ. ಒಣದ್ರಾಕ್ಷಿ ಆರಿಸುವಾಗ ಕಪ್ಪಾದ ಸಣ್ಣ ಹಣ್ಣು ಬುಟ್ಟಿಗಟ್ಟಲೆ ಉಳಿಯುತ್ತಿತ್ತು. ಅದನ್ನು ಚೆಲ್ಲುವುದೆಂದರೆ ಸಕ್ಕುಬಾಯಿಗೆ ಹೊಟ್ಟೆಯುರಿ. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಬೆಲ್ಲ ಸೇರಿಸಿ ಕುಟ್ಟಿದಳು. ಓಣಿಯ ಮನೆಮನೆಗೂ ಒಂದೊಂದು ಬಟ್ಟಲು ಕೊಟ್ಟು, ಹೇಗಿದೆ ಎಂದು ಕೇಳಿದಳು. ಎಲ್ಲರೂ ಛಲೋ ಆಗಿದೆ ಎಂದರು. ಅನ್ನದೆ ಏನು ಮಾಡುತ್ತಾರೆ? ನಮ್ಮ ಸೀಮೆಯಲ್ಲಿ ಕೊಟ್ಟವರ ಮುಂದೆ ಅನ್ನಕ್ಕೆ ಕೊರತೆ ಹೇಳುವ ರೂಢಿ ಇಲ್ಲ. ಕಲ್ಲು ಬೇಯಿಸಿ ಕೊಟ್ಟರೂ ಉಪ್ಪು ಸರಿಯಾಗಿದೆ ಎನ್ನುವ ಮಂದಿ.

ಆ ಮಾತು ನಂಬಿ ಧನಪಾಲನ ಅಂಗಡಿಗೆ ಎರಡು ಡಜನ್ ಬಾಟಲಿ ಕಳಿಸಿದಳು. ಮೂರು ತಿಂಗಳಿಗೆ ಇಪ್ಪತ್ಮೂರು ವಾಪಸು ಬಂದವು. ಇನ್ನೊಂದು ಬಿದ್ದು ಒಡೆದಿತ್ತು.

ಅದೇ ವಾರ ನೆರೆಮನೆಯ ಭೀಮಾಬಾಯಿ ಚಟ್ನಿಯನ್ನು ಎಮ್ಮೆಯ ಹಿಂಡಿಗೆ ಕಲೆಸುವಾಗ ಸಿಕ್ಕಿಬಿದ್ದಳು. ಎಮ್ಮೆ ಮಾತ್ರ ಭಾಳ ಹುರುಪಿನಿಂದ ತಿನ್ನುತ್ತದೆ ಎಂದು ಸಮಾಧಾನ ಬೇರೆ ಹೇಳಿದಳು. ಸಕ್ಕುಬಾಯಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಮನೆಗೆ ಬಂದು ಸೊಸೆಗೆ ಹೇಳಿದಳು, "ಮಂದಿ ಬಾಯಿ ನಂಬಬಾರ್ದು ರುಕ್ಮಾ, ಕೈ ನೋಡಬೇಕು. ಎರಡನೇ ಸಲ ಕೈ ಚಾಚಿದ್ರ ಅದು ಖರೆ."

ಅಂದಿನಿಂದ ಯಾರನ್ನೂ ಏನೂ ಕೇಳಲಿಲ್ಲ. ತೋಟದ ಆಳುಗಳಿಗೆ, ಅಥಣಿಯ ಸ್ಟ್ಯಾಂಡಿನಲ್ಲಿ ರಾಯಬಾಗದ ಬಸ್ಸಿಗೆ ಕಾದವರಿಗೆ ರೊಟ್ಟಿಯ ಮೇಲೆ ಇಟ್ಟು ಕೊಟ್ಟು ಕೈ ನೋಡುತ್ತಿದ್ದಳು. ಗಂಡ ಮುರಗೆಪ್ಪನನ್ನಂತೂ ಮೊದಲೇ ಲೆಕ್ಕದಿಂದ ತೆಗೆದಿದ್ದಳು. ಉಪ್ಪಿಲ್ಲದ ಬೇಳೆಗೂ ನಲವತ್ತು ವರ್ಷ ಛಲೋ ಐತಿ ಎಂದ ಮನುಷ್ಯ ಅವನು. ಏಳು ಸಲ ಕುಟ್ಟಿದರೂ ಎರಡನೆಯ ಸಲ ಯಾರ ಕೈಯೂ ಮುಂದೆ ಬರಲಿಲ್ಲ.

*

ಹೊಲದಲ್ಲಿ ಮಣ್ಣು ಕೊಟ್ಟು ಬಂದವರು ಕಾಲು ತೊಳೆದು ಪಡಸಾಲೆಯಲ್ಲಿ ಸಾಲಾಗಿ ಕೂತರು. ಪಕ್ಕದ ಹೊಲದ ಬಾಪುಸಾಹೇಬನೂ ಬಂದಿದ್ದ. ಬದುವಿನ ಜಗಳಕ್ಕೆ ಹನ್ನೊಂದು ವರ್ಷದಿಂದ ಈ ಮನೆಯವರೊಂದಿಗೆ ಮಾತು ಬಿಟ್ಟವನು. ಸಾವಿಗೆ ಹಗೆತನವಿಲ್ಲ ಎಂದು ಹೆಗಲು ಕೊಟ್ಟ, ಆದರೆ ಮುರಗೆಪ್ಪನ ಮುಖ ನೋಡಲಿಲ್ಲ.

ಸತ್ತ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಭೀಮಾಬಾಯಿ ತನ್ನ ಮನೆಯಿಂದ ರೊಟ್ಟಿ, ಕಡಲೆಹಿಟ್ಟಿನ ಝುಣಕ ತಂದಿದ್ದಳು. ಝುಣಕ ಸಾಲದೆಂದು ಅಡುಗೆಮನೆ ಹುಡುಕಿ, ಚೀಲದ ಹಿಂದಿನ ಭರಣಿಯನ್ನೂ ತಂದಳು. ರುಕ್ಮವ್ವ ನೋಡುವಷ್ಟರಲ್ಲಿ ಅರ್ಧ ಸಾಲಿಗೆ ಬಡಿಸಿಯಾಗಿತ್ತು.

ಕಸಿದುಕೊಳ್ಳಲು ಹೋದವಳು ಅಲ್ಲೇ ನಿಂತಳು. ಮಣ್ಣಿನ ದಿನದ ಊಟವನ್ನು ಯಾರೂ ಹೊಗಳುವುದಿಲ್ಲ. ಛಲೋ ಐತಿ ಎಂದರೆ ಅಪಚಾರ. ತಲೆ ತಗ್ಗಿಸಿ ಎರಡು ತುತ್ತು ತಿಂದು ಏಳಬೇಕು, ಇನ್ನಷ್ಟು ಹಾಕಿರಿ ಎನ್ನುವಂತಿಲ್ಲ. ಮುಲಾಜಿಗೆ ಕೈ ಚಾಚದ ಇಂಥವರು ಅತ್ತೆಗೆ ಐದು ವರ್ಷದಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ! ರುಕ್ಮವ್ವ ಭರಣಿಯನ್ನು ತಾನೇ ತೆಗೆದುಕೊಂಡಳು. ಕಣ್ಣೊರೆಸಿ, ಉಳಿದವರಿಗೂ ಬಡಿಸಿ ಕೈಗಳನ್ನೇ ನೋಡುತ್ತಾ ನಿಂತಳು. ಬರೀ ರೊಟ್ಟಿ ಮೊಸರು ಹಾಕಿಸಿಕೊಂಡಿದ್ದ ಧನಪಾಲನೂ ತಿನ್ನುವುದು ಬಿಟ್ಟು ಕೈಗಳನ್ನು ನೋಡತೊಡಗಿದ.

ಭಜನೆಯ ವಿರುಪಾಕ್ಷಪ್ಪ ಒಂದು ತುತ್ತು ನುಂಗಿ ಕೈ ಚಾಚಿದ. ಎಲ್ಲಿದ್ದೇನೆಂದು ನೆನಪಾಗಿ ಹಿಂದಕ್ಕೆಳೆದುಕೊಂಡ. ರುಕ್ಮವ್ವ ಕಾಣದವಳಂತೆ ಬಡಿಸಿದಳು. ಆಮೇಲೆ ಅವನ ಪಕ್ಕದವನು, ಅವನ ಪಕ್ಕದವನು. ಬೆಳಗಿನಿಂದ ಹನಿ ನೀರು ಮುಟ್ಟದಿದ್ದ ಮುರಗೆಪ್ಪ ಒಂದು ಚೂರು ಬಾಯಿಗಿಟ್ಟ.

"ಈ ಸಲ ಬೆಲ್ಲ ಕಮ್ಮಿ ಮಾಡ್ಯಾಳ," ಎಂದ. ಅವನ ಕಣ್ಣು ತುಂಬಿ ಬಂತು. ಇನ್ನೊಂದು ತುಂಡು ರೊಟ್ಟಿ ಮುರಿದ.

ಸಾಲಿನ ಕೊನೆಯಲ್ಲಿ ಬಾಪುಸಾಹೇಬ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೇ ತಟ್ಟೆಯನ್ನು ರುಕ್ಮವ್ವನ ಮುಂದೆ ಚಾಚಿದ. ಅವಳು ಒಂದು ಚಮಚ ಹಾಕಿದಳು. ತಟ್ಟೆ ಸರಿಯಲಿಲ್ಲ. ಅವಳು ಧನಪಾಲನನ್ನು ನೋಡಿ ಹೂಂ ಎಂದು ತಲೆಯಾಡಿಸಿ ಇನ್ನೊಂದು ಚಮಚ ಹಾಕಿದಳು. ತಟ್ಟೆ ಇನ್ನೂ ಅಲ್ಲೇ ಇತ್ತು.