ಮೇಷ್ಟ್ರ ಹೆಬ್ಬೆರಳು

ಆರನೇ ಗುಂಡಿನ ಸದ್ದಿಗೆ ಮೇಷ್ಟ್ರು ಸ್ಟಾಪ್‌ವಾಚ್ ನಿಲ್ಲಿಸಿ, ರೂಢಿಯಂತೆ ಗಟ್ಟಿಯಾಗಿ ಕೂಗಿದರು: "ಎಂಟು ಪಾಯಿಂಟ್ ಮೂರು."

ಆಮೇಲೆ ಎಡಗೈಯಲ್ಲಿದ್ದ ಕಪ್ಪು ಯಂತ್ರವನ್ನು ನೋಡಿದರು. ಗುಂಡಿನ ಸದ್ದನ್ನು ತಾನೇ ಹಿಡಿದು ಸಮಯ ತೋರಿಸುವ ಯಂತ್ರ. ಅದರಲ್ಲಿ 7.91 ಎಂದಿತ್ತು.

ಹಣ ಸಾಗಿಸುವ ವ್ಯಾನುಗಳ ಕಾವಲಿಗೆ ಜನರನ್ನು ತಯಾರು ಮಾಡುವ ಕೇಂದ್ರ ಅದು. ಒರೆಯಿಂದ ಪಿಸ್ತೂಲು ತೆಗೆದು ಎಂಟು ಸೆಕೆಂಡಿನೊಳಗೆ ಆರು ಗುಂಡು ಹೊಡೆದವರು ಪಾಸು. ಇಪ್ಪತ್ತೆರಡು ವರ್ಷದಿಂದ ಆ ಎಂಟು ಸೆಕೆಂಡನ್ನು ಅಳೆದದ್ದು ಮೇಷ್ಟ್ರ ಹೆಬ್ಬೆರಳು. ಈಗ ಮ್ಯಾನೇಜರು ಎರಡು ಕಂಪನಿಗಳ ಯಂತ್ರಗಳನ್ನು ತರಿಸಿ, ಸ್ಟಾಪ್‌ವಾಚಿನ ಜೊತೆ ಹೋಲಿಸಿ ಒಂದನ್ನು ಆರಿಸಿಕೊಡಿ ಎಂದಿದ್ದರು. ಹೊಸ ತಂಡ ಇನ್ನೂ ಬಂದಿರಲಿಲ್ಲ. ಗುಂಡು ಹೊಡೆಯಲು ಗೇಟಿನ ಕಾವಲಿನವಳನ್ನೇ ಕರೆಸಿದ್ದರು.

ಪಿಸ್ತೂಲು ಖಾಲಿ ಮಾಡಿ ಮೇಜಿನ ಮೇಲಿಟ್ಟು, ಅವಳು ಕಿವಿಯ ಮುಚ್ಚಳ ಸರಿಸಿ ನಿಂತಳು. ಹೋದ ವರ್ಷದ ಪರೀಕ್ಷೆಯಲ್ಲಿ ಅವಳದ್ದು ಎಂಟು ಪಾಯಿಂಟ್ ಎರಡು. ಆರೂ ಗುಂಡು ನಡುವಿನ ವೃತ್ತದಲ್ಲೇ ಇದ್ದವು. ಅವಳು ಮೆಲ್ಲಗೆ ಏನೋ ಕೇಳಿಕೊಂಡಾಗ ಮೇಷ್ಟ್ರು ಎಲ್ಲರಿಗೂ ಕೇಳುವಂತೆ, ಬಿಟ್ಟುಕೊಡೋಕೆ ಸೆಕೆಂಡೇನು ನಮ್ಮ ಮಾವನ ಮನೆಯದಾ ಎಂದಿದ್ದರು. ತಂಡವೆಲ್ಲ ನಕ್ಕಿತ್ತು. ಅವಳೂ ನಕ್ಕಿದ್ದಳು. ಫೇಲಾದವರು ಎರಡು ವರ್ಷ ಮತ್ತೆ ಪರೀಕ್ಷೆಗೆ ನಿಲ್ಲುವಂತಿಲ್ಲ. ಅವಳು ಲಾಠಿ ಹಿಡಿದು ಗೇಟಿನಲ್ಲಿ ನಿಂತಳು.

ಯಂತ್ರ ಕೆಟ್ಟಿರಬೇಕು ಎಂದುಕೊಂಡು ಮೇಷ್ಟ್ರು ಇನ್ನೊಂದು ಕಂಪನಿಯ ಹಳದಿ ಯಂತ್ರವನ್ನು ಕೈಗೆತ್ತಿಕೊಂಡರು. ಯಂತ್ರದ ಗುಂಡಿ, ಸ್ಟಾಪ್‌ವಾಚಿನ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿದರು. ಶುರುವಿನಲ್ಲಿ ಹೆಚ್ಚುಕಡಿಮೆಯಾಗುವ ಮಾತೇ ಇಲ್ಲ. ಆರು ಗುಂಡು ಹಾರಿದವು.

"ಎಂಟು ಪಾಯಿಂಟ್ ಎರಡು," ಎಂದು ಕೂಗಿದ ಮೇಲೆ ಹಳದಿ ಯಂತ್ರ ನೋಡಿದರು. 7.79.

ಒಬ್ಬರನ್ನೊಬ್ಬರು ಕಾಣದ ಎರಡು ಕಂಪನಿಯವರು ಮಾತಾಡಿಕೊಂಡು ಒಂದೇ ಸುಳ್ಳು ಹೇಳುವುದಿಲ್ಲ. ಕೊನೆಯ ಸದ್ದು ಕಿವಿಗೆ ಬಿದ್ದು, ಹೆಬ್ಬೆರಳು ಅಲ್ಲಾಡುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಸೆಕೆಂಡು ಕಳೆದುಹೋಗುತ್ತಿತ್ತು. ಚುರುಕಾಗಿ ಮುಗಿಸುವವರಿಗೆ ಅದು ತಾಗಿರಲಿಲ್ಲ. ಹೋದ ವರ್ಷ ಅಂಚಿನಲ್ಲಿದ್ದವಳು ಇವಳೊಬ್ಬಳೇ. ಇಪ್ಪತ್ತೆರಡು ವರ್ಷದಲ್ಲೂ ಇವಳೊಬ್ಬಳೇ ಎಂದು ತಮಗೆ ತಾವೇ ಹೇಳಿಕೊಳ್ಳಲು ಅವರಿಗೆ ಧೈರ್ಯ ಬರಲಿಲ್ಲ.

ಯಂತ್ರದಲ್ಲಿ ಎಷ್ಟು ಬಂತು ಎಂದು ಅವಳು ಕೇಳಿದಳು. ಅದೂ ಹೆಚ್ಚುಕಡಿಮೆ ಅಷ್ಟೇ ಎಂದರು ಮೇಷ್ಟ್ರು. ಅವಳು ತಲೆಯಾಡಿಸಿ ಗೇಟಿಗೆ ಹೋದಳು.

ಮೇಷ್ಟ್ರು ಆಫೀಸಿನಲ್ಲಿ ಕೂತು, ಹೋಲಿಕೆಯ ಫಾರಂನಲ್ಲಿ ವ್ಯತ್ಯಾಸ ಎಂಬ ಕಾಲಮ್ಮಿನಲ್ಲಿ 0.1 ಎಂದು ಬರೆದರು. ಕಪ್ಪು ಯಂತ್ರ ಸಾಕು ಎಂದು ಶಿಫಾರಸು ಮಾಡಿದರು. ಹೊಸದಾಗಿ ಗುಂಡಿ ಒತ್ತಿದ ಕೂಡಲೇ ಅದು ಹಿಂದಿನದನ್ನು ಅಳಿಸಿಹಾಕುತ್ತಿತ್ತು. ಹಳದಿಯದು ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತಿತ್ತು. ಕಾರಣ ಎಂಬಲ್ಲಿ, ಬಳಸಲು ಸುಲಭ, ಎಂದು ತುಂಬಿದರು. ಹಳದಿಯದನ್ನು ದಾರಿಯಲ್ಲೇ ಅಂಗಡಿಗೆ ಹಿಂತಿರುಗಿಸೋಣವೆಂದು ಚೀಲಕ್ಕೆ ಹಾಕಿಕೊಂಡರು.

ಗೇಟು ದಾಟುವ ಯಾರೇ ಆದರೂ ಚೀಲ ಬಿಚ್ಚಿ ತೋರಿಸಬೇಕು. ಗುಂಡು, ಖಾಲಿ ತೋಟಾ ಏನೂ ಹೊರಗೆ ಹೋಗುವಂತಿಲ್ಲ. ಆ ನಿಯಮ ಮಾಡಿಸಿದವರು ಮೇಷ್ಟ್ರೇ. ಅವಳು ಊಟದ ಡಬ್ಬಿ ತೆಗೆದಿಟ್ಟಳು, ಕನ್ನಡಕದ ಪೆಟ್ಟಿಗೆ ತೆಗೆದಿಟ್ಟಳು, ಆಮೇಲೆ ಹಳದಿ ಯಂತ್ರ ತೆಗೆದಳು. ಕೈ ತಾಗಿ ಅದರ ಪರದೆ ಬೆಳಗಿತು.

ಅವಳು ಅದನ್ನು ಓದಿದಳು. ಬಹಳ ಹೊತ್ತು ಓದಿದಳು, ಇದ್ದದ್ದು ಮೂರೇ ಅಂಕಿ.

"ನೀವು ಎಂಟು ಪಾಯಿಂಟ್ ಎರಡು ಅಂತ ಕೂಗಿದ್ರಿ, ಮೇಷ್ಟ್ರೇ."

"ಹೂಂ."

"ನನ್ನ ಕೈಯೇ ನಿಧಾನ ಅಂದ್ಕೊಂಡಿದ್ದೆ. ದಿನಾ ಮನೇಲಿ ಬರಿಗೈಲಿ ಅಭ್ಯಾಸ ಮಾಡ್ತೀನಿ. ಕನ್ನಡಿ ಮುಂದೆ. ಯಾರಿಗೆ ಗುಂಡು ಹೊಡೀತೀಯೇ ಅಂತ ಅತ್ತೆ ನಗ್ತಾರೆ."

ಅವಳು ಬೈದಿದ್ದರೆ ಒಳ್ಳೆಯದಿತ್ತು ಎನಿಸಿತು ಮೇಷ್ಟ್ರಿಗೆ. ಅವಳು ಡಬ್ಬಿ, ಪೆಟ್ಟಿಗೆ, ಯಂತ್ರ ಎಲ್ಲವನ್ನೂ ಮೊದಲಿದ್ದಂತೆಯೇ ಜೋಡಿಸಿ, ಚೀಲದ ಜಿಪ್ಪು ಎಳೆದು ಕೊಟ್ಟಳು. ಗೋಡೆಯ ಗಡಿಯಾರ ನೋಡಿ, ಹೊರಗೆ ಹೋದ ಹೊತ್ತು ಬರೆಯಲು ಪುಸ್ತಕಕ್ಕೆ ಪೆನ್ನು ಇಟ್ಟಳು.

"ಬರೀಬೇಡಮ್ಮ," ಎಂದರು ಮೇಷ್ಟ್ರು. "ನಾನಿನ್ನೂ ಹೋಗಿಲ್ಲ."

ಆಫೀಸಿಗೆ ವಾಪಸು ಬಂದು ಫಾರಂ ಹೊರತೆಗೆದರು. 0.1 ಅನ್ನು ಹೊಡೆದುಹಾಕಿ 0.4 ಎಂದು ಬರೆದರು. ಶಿಫಾರಸಿನ ಸಾಲನ್ನೂ ಹೊಡೆದುಹಾಕಿದರು. ಇನ್ನೊಂದು ಬಿಳಿ ಹಾಳೆ ತೆಗೆದು, ಮ್ಯಾನೇಜರವರಿಗೆ ಎಂದು ಶುರು ಮಾಡಿ, ಹೋದ ವರ್ಷದ ಪರೀಕ್ಷೆಯ ತಾರೀಕು ಹಾಕಿದರು. ಅದರ ಮುಂದಿನ ವಾಕ್ಯ ಸುಲಭಕ್ಕೆ ಬರಲಿಲ್ಲ. 'ಸಮಯದಲ್ಲಿ ದೋಷವಾಗಿದೆ' ಎಂದು ಬರೆದು, ಅದನ್ನು ಹೊಡೆದು, 'ನಾನು ತಪ್ಪಾಗಿ ಅಳೆದಿದ್ದೇನೆ' ಎಂದು ಬರೆದರು.

ತಲೆಯೆತ್ತಿದಾಗ ಕಿಟಕಿಯಾಚೆ ಗೇಟು ಕಂಡಿತು. ಅವಳು ಗೋಡೆಗೆ ಮುಖಮಾಡಿ ಒಬ್ಬಳೇ ನಿಂತಿದ್ದಳು. ಬಲಗೈ ಸೊಂಟದಿಂದ ಕಣ್ಣಿನ ಮಟ್ಟಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಮೇಷ್ಟ್ರ ಕೈ ತಾನಾಗಿಯೇ ಜೇಬಿಗೆ ಹೋಗಿ ಸ್ಟಾಪ್‌ವಾಚನ್ನು ಹುಡುಕಿತು. ಹೆಬ್ಬೆರಳು ಗುಂಡಿಯ ಮೇಲೆ ಕೂತಿತು. ಅವರು ಕೈಯನ್ನು ಹೊರಗೆಳೆದು, ಮೇಜಿನ ಮೇಲೆ ಅಂಗಾತ ಇಟ್ಟುಕೊಂಡು ಕೂತರು.